ನಾಗರಾಜನ ಕತ್ತಿನ ಪಟ್ಟಿ

ಮೊನ್ನೆ ವಿಜಯನಗರದ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆ ಕಾಯುತ್ತಿದ್ದೆ. ಪಕ್ಕದ ಗಿರಾಕಿಗೆಂದು ಅಂಗಡಿಯವರು ಕತ್ತಿಗೆ ಕಟ್ಟುವ ಪಟ್ಟಿಯ ಹೊಸ ಪ್ಯಾಕೆಟ್ ಹರಿದರು. ಆ ಸ್ಪಂಜಿನ ವಾಸನೆ ಮೂಗಿಗೆ ಬಡಿದದ್ದೇ, ಮಾತ್ರೆ ಬಿಟ್ಟು ಮನೆಗೆ ಬಂದುಬಿಟ್ಟೆ. ವಯಸ್ಸಾಯಿತು, ಮರೆವು ಎಂದಳು ಹೆಂಡತಿ. ಮರೆವಾಗಿದ್ದರೆ ಎಷ್ಟು ಚೆನ್ನಾಗಿತ್ತು ಹೇಳಿ.

ನಾನು ರಾಜಾಜಿನಗರದಲ್ಲಿ ಕಬ್ಬಿಣದ ಬೀರು ಮಾಡುತ್ತಿದ್ದವನು. ಓದಿದ್ದು ಹೈಸ್ಕೂಲು, ಗತ್ತು ಮಾತ್ರ ಇಂಜಿನಿಯರರದು. ತಗಡು ಎಷ್ಟೇ ಹೊಳೆಯಲಿ, ಮೂಲೆ ಹಿಡಿದು ಅಲ್ಲಾಡಿಸಿ ನೋಡದೆ ಒಂದು ಬೀರುವನ್ನೂ ಹೊರಗೆ ಬಿಟ್ಟವನಲ್ಲ. ಹೆಂಡತಿಯ ತಮ್ಮ ನಾಗರಾಜ ನನ್ನಲ್ಲೇ ಕೆಲಸಕ್ಕಿದ್ದ. ಒಂದು ದಿನ ಬೀರು ಏರಿಸುವಾಗ ಟೆಂಪೋದಿಂದ ತಲೆಕೆಳಗಾಗಿ ಬಿದ್ದ. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ನೆಟ್ಟಗಿತ್ತು. ಆದರೂ ಡಾಕ್ಟರು ಪಟ್ಟಿ ಕಟ್ಟಿ, ಮತ್ತೊಮ್ಮೆ ಪರೀಕ್ಷೆ ಮಾಡುವವರೆಗೂ ಬಿಚ್ಚಬಾರದು ಎಂದರು.

ಮದುವೆಯ ಕಾಲ, ಎಲ್ಲರಿಗೂ ಬೀರು ಬೇಕು. ಹತ್ತನೆಯ ದಿನ ಅವನ ಮನೆಗೆ ಹೋದೆ.

"ಮೂಳೆ ಮುರಿದಿಲ್ಲ ತಾನೆ? ಇನ್ನೆಷ್ಟು ದಿನ ಮದುಮಗನ ಥರ ಕೂತಿರ್ತೀಯೋ?"

"ತಲೆ ನಿಲ್ತಿಲ್ಲ ಭಾವ. ಕಳಚ್ಕೊಂಡಂಗೆ ಆಗುತ್ತೆ."

"ನಾಟಕ ಆಡ್ಬೇಡ," ಎಂದು ಪಟ್ಟಿಯನ್ನು ನಾನೇ ಬಿಚ್ಚಿದೆ. ಮರುದಿನ ಕೆಲಸಕ್ಕೆ ಬಂದ. ಎರಡನೆಯ ಬೀರು ಎತ್ತುವಾಗ ಅವನ ಕೈಗಳು ಜೋತುಬಿದ್ದವು.

ಆಪರೇಷನ್ ಆದಮೇಲೆ ಡಾಕ್ಟರು ತಿಳಿಸಿ ಹೇಳಿದರು. ಬೆನ್ನೆಲುಬಿನ ಮಣಿಗಳನ್ನು ಒಂದಕ್ಕೊಂದು ಬಿಗಿದಿಡುವುದು ಲಿಗಮೆಂಟ್ ಎಂಬ ಕಟ್ಟುಗಳಂತೆ. ಎಕ್ಸ್‌ರೇಯಲ್ಲಿ ಅವು ಕಾಣುವುದಿಲ್ಲವಂತೆ. ಅವು ಹರಿದರೆ, ಮುರಿಯದ ಮೂಳೆಯೂ ಜಾರಿ ಒಳಗಿನ ನರವನ್ನು ಒತ್ತುತ್ತದೆ. ತಗಡು ಸರಿಯಿದ್ದು ಬೋಲ್ಟು ಸಡಿಲವಾದ ಬೀರು! ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕಿತ್ತು? ಪಟ್ಟಿ ಬಿಚ್ಚಿದ್ದು ಯಾರು ಎಂದು ಅವರು ಕೇಳಿದಾಗ, "ಅವನೇ," ಎಂದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ನಾಗರಾಜ ಆಮೇಲೂ ಅಲ್ಲವೆನ್ನಲಿಲ್ಲ. ಇಪ್ಪತ್ತು ವರ್ಷ ಅವಳು ತಮ್ಮನನ್ನೇ ಬೈದಳು. ನಾನು ಕೇಳಿಸಿಕೊಂಡು ಕೂತೆ.

ನಿನ್ನೆ ಇಬ್ಬರೂ ಕೆಂಗೇರಿಯ ಅವನ ಮನೆಗೆ ಹೋಗಿದ್ದೆವು. ಅವನ ಬೆರಳುಗಳು ಇವತ್ತಿಗೂ ಅಂಗಿಯ ಗುಂಡಿ ಹಿಡಿಯಲಾರವು. ಗುಂಡಿ ಹಾಕುತ್ತಾ ಹೆಂಡತಿ ಹಳೆಯದನ್ನೇ ಶುರುಮಾಡಿದಳು: "ಅವತ್ತು ಪಟ್ಟಿ ಬಿಚ್ಚದೆ ಇದ್ದಿದ್ರೆ..."

"ಬಿಚ್ಚಿದ್ದು ನಾನು ಕಣೇ," ಎಂದೆ.

"ಬಿಡಿ ಭಾವ, ಈಗ್ಯಾಕೆ," ಎಂದ ನಾಗರಾಜ. "ನಾನೂ ಸುಳ್ಳ ಅಂತ ಗೊತ್ತಾಗೋಗುತ್ತೆ."

ಅವಳು ನಗಲಿಲ್ಲ. ನನ್ನನ್ನು ನೋಡಲೂ ಇಲ್ಲ. ಗುಂಡಿಯಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು.

"ಉಳಿದಿದ್ದು ನೀವು ಹಾಕಿ."

ಮೂರು ಉಳಿದಿದ್ದವು. ಅವನ ಮುಂದೆ ಮೊಣಕಾಲೂರಿ ಕೂತೆ. ಮೊದಲನೆಯದನ್ನೇ ತಪ್ಪು ಕಾಜಕ್ಕೆ ತೂರಿಸಿದೆ.

"ನಿಧಾನಕ್ಕೆ ಹಾಕಿ ಭಾವ," ಎಂದ ನಾಗರಾಜ. "ನಂಗೇನು ಕೆಲಸಕ್ಕೆ ಲೇಟಾಗಲ್ಲ."