ಐತಪ್ಪನವರ ಬೆಲ್ಟ್

ಸತ್ತವರು ಕುಲೆಯಾಗಿ ಬರುತ್ತಾರೆ ಎಂದರೆ ನಗುತ್ತಿದ್ದವನು ನಾನು. ಆ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಅರುವತ್ತರ ದಶಕದ ಕೊನೆಯಲ್ಲಿ ಕಾಪು ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ನಾನು ದಾಖಲೆ ಬರೆಯುವ ರೈಟರ್ ಆಗಿದ್ದೆ. ಅಲ್ಲಿಯ ಗೋಡೆಯಲ್ಲಿ ಹಳೆಯ ಚರ್ಮದ ಬೆಲ್ಟೊಂದು ನೇತಾಡುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಕಡಲುಪಾಲಾದ ಹೆಡ್ ಕಾನ್‌ಸ್ಟೇಬಲ್ ಐತಪ್ಪನವರ ಶವದಿಂದ ಬಿಚ್ಚಿದ್ದು. ಸರಕಾರಿ ಸೊತ್ತು, ಮಂಗಳೂರಿಗೆ ಹಿಂದಿರುಗಿಸಬೇಕಿತ್ತು. ಆದರೆ ಸಿಬ್ಬಂದಿಗೆ ಮನಸ್ಸು ಬಂದಿರಲಿಲ್ಲ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯಂದು ಅದರ ಮುಂದೆ ಎಳನೀರು, ವೀಳ್ಯ ಇಡುತ್ತಿದ್ದರು. ಆ ವರ್ಷ ನಾನು ಬಿಡಲಿಲ್ಲ. ಠಾಣೆಯೇನು ದೈವದ ಗುಡಿಯೇ ಎಂದು ಗದರಿದ್ದೆ.

ಮರುವಾರ ಒಣಮೀನಿನ ವ್ಯಾಪಾರಿಯೊಬ್ಬ ತನ್ನ ಶೆಡ್ಡಿನಲ್ಲಿ ಕೊಲೆಯಾದ. ಹಿಂದಿನ ದಿನ ಅವನೊಂದಿಗೆ ಜಗಳವಾಡಿದ್ದ ಎತ್ತಿನ ಗಾಡಿಯ ಲೋರೆನ್ಸನನ್ನು ಲಾಕಪ್ಪಿಗೆ ಹಾಕಿದೆವು. ಅವನ ಹೆಂಡತಿ ರೋಸಿ ಠಾಣೆಯ ಜಗಲಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬೆಂಗಳೂರಿನಿಂದ ಪೊಲೀಸ್ ನಾಯಿ ಬಂತು. ನಮ್ಮಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ.

ಶವದ ಬಳಿ ಸಿಕ್ಕಿದ್ದ, ಹೆಗಲಿಗೆ ಹಾಕುವ ಬೈರಾಸನ್ನು ಅದಕ್ಕೆ ಮೂಸಲು ಕೊಟ್ಟರು. ನಾಯಿ ಲಾಕಪ್ಪಿನ ಸರಳುಗಳ ಹತ್ತಿರ ಹೋಗಿ, ಲೋರೆನ್ಸನನ್ನು ಮೂಸಿ, ಅವನನ್ನು ಬಿಟ್ಟು ಮುಂದೆ ನಡೆಯಿತು. ನೇರವಾಗಿ ಬೆಲ್ಟಿನ ಕೆಳಗೆ ನಿಂತು, ಬೆನ್ನಿನ ಕೂದಲು ನಿಮಿರಿಸಿ, ಬಾಲ ಮುದುರಿಕೊಂಡು ಮುಲುಗಿತು. ಮೂರು ಸಲ ಎಳೆದು ತಂದರು; ಮೂರು ಸಲವೂ ಅಲ್ಲಿಗೇ ಹೋಯಿತು.

ನಾನು ಬೆಲ್ಟನ್ನು ಮುಟ್ಟಿ ನೋಡಿದೆ. ನೆನೆದು ಭಾರವಾಗಿತ್ತು. ಹೊರಗೆ ಸುರಿಯುತ್ತಿದ್ದ ಮಳೆಗೆ ಮಾಡು ಸೋರಿರಬೇಕೆಂದು ಮೇಲೆ ನೋಡಿದರೆ ಹಂಚೂ ಗೋಡೆಯೂ ಒಣಗಿದ್ದವು. ಬೆರಳನ್ನು ನಾಲಗೆಗೆ ತಾಗಿಸಿದೆ. ಉಪ್ಪು. ನನಗೆ ನಿಜವಾಗಿ ಹೆದರಿಕೆಯಾಯಿತು.

ಇನ್ಸ್‌ಪೆಕ್ಟರು ಮುಖ ಗಂಟಿಕ್ಕಿದರು. "ನಾಯಿಗೆ ಎಂತ ಗೊತ್ತುಂಟು ಮಾರಾಯ? ವಾಸನೆ ಹತ್ತಲಿಲ್ಲ ಅಂತ ಬರಿ, ಅಷ್ಟು ಸಾಕು."

ಲೋರೆನ್ಸನನ್ನು ಅದು ಬಿಟ್ಟು ಹೋದದ್ದನ್ನು ಬರೆದರೆ ಬೆಲ್ಟಿನ ವಿಷಯವನ್ನೂ ಬರೆಯಬೇಕಿತ್ತು. ಮೇಲಿನವರು ನನಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಹೇಳಿದಷ್ಟನ್ನೇ ಬರೆದೆ. ಲೋರೆನ್ಸನಿಗೆ ಜೀವಾವಧಿ ಶಿಕ್ಷೆಯಾಯಿತು.

ನಾಯಿ ಬಂದ ಮರುದಿನವೇ ಬೆಲ್ಟನ್ನು ಮಂಗಳೂರಿಗೆ ಕಳುಹಿಸಿದ್ದೆ. ಕಾಗದದಲ್ಲಿ ಸುತ್ತುವಾಗ ಅದು ಒಣಗಿ ಬಿರುಕು ಬಿಟ್ಟಿತ್ತು. ಐತಪ್ಪನವರು ಏನು ಹೇಳಲು ಬಂದಿದ್ದರೋ, ಬಂದದ್ದು ಅವರೇ ಹೌದೋ ಅಲ್ಲವೋ, ನನಗೆ ಇಂದಿಗೂ ತಿಳಿಯದು.

ನಾಯಿ ಬಂದ ದಿನ ಸಂಜೆ, ಕಿಟಕಿಯಿಂದ ಎಲ್ಲವನ್ನೂ ಕಂಡಿದ್ದ ರೋಸಿ ನನ್ನ ಮೇಜಿನ ಹತ್ತಿರ ಬಂದಿದ್ದಳು.

"ನಾಯಿ ಇವರನ್ನು ಬಿಟ್ಟು ಹೋಯಿತಲ್ಲ ಸಾರ್, ಅದನ್ನು ಬರೆದಿದ್ದೀರಿ ಅಲ್ವಾ?"

"ಬರೆದಿದ್ದೇನೆ" ಎಂದೆ.

ಆಕೆ ಕೈಮುಗಿದಳು. ಮೂರು ದಿನಗಳಲ್ಲಿ ಮೊದಲ ಸಲ ಜಗಲಿಯಿಳಿದು, ಆ ಮಳೆಯಲ್ಲೇ ಮನೆಗೆ ಹೋದಳು.