ಸುಳ್ಳು ಮದುವೆಯ ಬೀಗಿತ್ತಿ

ಅಚ್ಚುಕೂಟದ ಮೇಲಿನ ಮಹಡಿಯಲ್ಲಿ ಕಾರ್ಯಕ್ರಮ ನಿರ್ವಹಣೆಯ ತರಗತಿಗಳು ನಡೆಯುತ್ತಿದ್ದ ಕಾಲವದು. ಕೆಳಗೆ ಯಂತ್ರ ಓಡಿದರೆ ಮೇಲೆ ಮಡಿಸುವ ಕುರ್ಚಿಗಳು ಸಣ್ಣಗೆ ನಡುಗುತ್ತಿದ್ದವು. ಪ್ರತಿ ವರ್ಷ ಪರೀಕ್ಷೆಗೆಂದು ಅಲ್ಲೊಂದು ಸುಳ್ಳು ಮದುವೆ ಏರ್ಪಾಡಾಗುತ್ತಿತ್ತು. ವಧು, ವರ, ಫೋಟೋದವನು, ಬಾಗಿಲಲ್ಲಿ ನಿಂತು ಸ್ವಾಗತಿಸುವವರು, ಎಲ್ಲರೂ ವಿದ್ಯಾರ್ಥಿಗಳೇ. ವರನ ತಾಯಿ ಮಾತ್ರ ಹೊರಗಿನವಳು. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನ ಹೆಂಡತಿ. ಅವಳಿಗೆ ಬೀಗಿತ್ತಿ ಎಂದೇ ಹೆಸರು ಬಿತ್ತು. ಈಗಲೂ ಪೇಟೆಯಲ್ಲಿ ತಲೆ ನರೆತ ಯಾರಾದರೂ ಸ್ಕೂಟರ್ ನಿಲ್ಲಿಸಿ, "ಏನ್ ಬೀಗಿತ್ತಿಯವರೇ, ಸಿಟ್ಟು ಇಳೀತಾ?" ಎಂದು ಕೇಳಿದರೆ ಅವಳ ಮುಖ ಅರಳುತ್ತದೆ.

ಅವಳು ಅಲ್ಲಿಗೆ ಬಂದದ್ದೇ ಒಂದು ತಮಾಷೆ. ತರಗತಿ ನಡೆಸುತ್ತಿದ್ದ ಮೇಷ್ಟ್ರು ಮೊದಲು ದೊಡ್ಡ ಹೋಟೆಲೊಂದರಲ್ಲಿ ಸಮಾರಂಭಗಳ ಉಸ್ತುವಾರಿ ನೋಡಿಕೊಂಡಿದ್ದವರು. ಪರೀಕ್ಷೆಯಲ್ಲಿ ವರನ ತಾಯಿಯಾಗಿ ಮುನಿಸಿಕೊಂಡು ಕೂರಲು ಅವರಿಗೊಬ್ಬ ಹೆಂಗಸು ಬೇಕಾಗಿತ್ತು. ವಿದ್ಯಾರ್ಥಿನಿಯರನ್ನು ಕೂರಿಸಿದರೆ ಕಿಸಕ್ಕನೆ ನಗುತ್ತಿದ್ದರು. ಏಣಿಯ ಮೇಲೆ ವೈರು ಕಟ್ಟುತ್ತಿದ್ದ ಮೈಕಿನವನು ಅಲ್ಲಿಂದಲೇ, ನಮ್ಮನೆಯವಳಿಗೆ ಸಿಟ್ಟು ಬರೋದಿಲ್ಲ ಸಾರ್, ಆದರೆ ಕೂರು ಅಂದರೆ ಕೂತಿರುತ್ತಾಳೆ ಎಂದ.

ನಿಜವೇ. ತುಂಬಿದ ಮನೆಗೆ ಕೊನೆಯ ಸೊಸೆಯಾಗಿ ಹೋದವಳು ಅವಳು. ಬಿಸಿನೀರು ಮುಗಿದಿದ್ದರೆ ಅಡ್ಜಸ್ಟ್. ಮಲಗಲು ಜಾಗವಿಲ್ಲದಿದ್ದರೆ ಅಡ್ಜಸ್ಟ್. ಹೊಸ ಸೀರೆಯನ್ನು ವಾರಗಿತ್ತಿ ಉಟ್ಟುಕೊಂಡು ಹೋದರೂ ಅಡ್ಜಸ್ಟ್.

ಮೇಷ್ಟ್ರ ಶಾಲೆಯಲ್ಲಿ ಮಾತ್ರ ಆ ಒಂದು ಮಾತಿಗೆ ನಿಷೇಧ. ಕುರ್ಚಿಸಾಲುಗಳ ನಡುವೆ ಎಷ್ಟು ದಾರಿ ಬಿಡಬೇಕು, ವಿದ್ಯುತ್ತಿನ ಹೊರೆ ಹೇಗೆ ಹಂಚಬೇಕು, ಮುಕ್ತಾಯದಿಂದ ಹಿಂದಕ್ಕೆ ಎಣಿಸುತ್ತ ವೇಳಾಪಟ್ಟಿ ಹೇಗೆ ಮಾಡಬೇಕು ಎಂಬುದನ್ನೆಲ್ಲ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಲಿಸುತ್ತಿದ್ದರು. ಕೊನೆಗೆ ಬೀಗಿತ್ತಿಯ ಪರೀಕ್ಷೆ. ಅವಳನ್ನು ಬೇಕೆಂದೇ ಕಂಬದ ಹಿಂದೆ ಕೂರಿಸುತ್ತಿದ್ದರು. ಅವಳು ಗೋಡೆಯತ್ತ ಮುಖ ತಿರುಗಿಸಬೇಕು. ಮೇಷ್ಟ್ರು ಗಂಟೆ ಬಾರಿಸುವುದರೊಳಗೆ ವಿದ್ಯಾರ್ಥಿ ಅವಳನ್ನು ಒಲಿಸಿ, ಮನೆಯವರ ಫೋಟೋಕ್ಕೆ ವೇದಿಕೆ ಹತ್ತಿಸಬೇಕು. ಸುಳ್ಳು ಹೇಳುವಂತಿಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರಂತೂ ಅಲ್ಲೇ ಗಂಟೆ, ಅಲ್ಲೇ ನಪಾಸು.

"ಆ ಮಾತಿನ ಅರ್ಥ ಗೊತ್ತೇನ್ರಯ್ಯಾ?" ಎನ್ನುತ್ತಿದ್ದರು ಮೇಷ್ಟ್ರು. "ತಪ್ಪು ನಮ್ದು, ತೊಂದ್ರೆ ನಿಮ್ದು ಅಂತ."

ಅದನ್ನು ಮೊದಲ ಸಲ ಕೇಳಿದಾಗ ಬೀಗಿತ್ತಿ ಕಂಬದ ಹಿಂದೆಯೇ ಬಹಳ ಹೊತ್ತು ಯೋಚಿಸುತ್ತ ಕೂತಿದ್ದಳು.

ಮೊದಲ ವರ್ಷ ಅವಳ ಮುನಿಸು ಬಸ್ಸಿಗೆ ಕಾಯುವವರ ಮುಖದಂತಿತ್ತು. ಆಮೇಲೆ ವಾರಗಿತ್ತಿಯ ಮೂಗು, ಅತ್ತೆಯ ಮೌನ, ಸೋದರತ್ತೆಯ 'ಪರವಾಗಿಲ್ಲ ಬಿಡಿ' ಎಂಬ ಇರಿತ, ಮೂರನ್ನೂ ಹದವಾಗಿ ಬೆರೆಸಿಕೊಂಡಳು. ಹುಡುಗರು ಬೆವರತೊಡಗಿದರು. ಒಮ್ಮೆ ಮನೆಯಲ್ಲೂ, ಇವತ್ತು ಬಿಸಿನೀರು ಮೊದಲು ನನಗೆ ಎಂದುಬಿಟ್ಟಳು. ಪರೀಕ್ಷೆ ಮುಗಿಯಿತಲ್ಲೇ ಎಂದು ಗಂಡ ತಬ್ಬಿಬ್ಬಾದ.

ಹೀಗಿರುವಾಗ ಪಿಸುಮಾತು ಎಂದು ಎಲ್ಲರೂ ರೇಗಿಸುತ್ತಿದ್ದ ಹುಡುಗಿಯ ಸರದಿ ಬಂತು. ಎರಡು ಸಲ ಅದೇ ಅಡ್ಜಸ್ಟ್ ಮಾತು ಬಾಯಿ ಜಾರಿ ನಪಾಸಾಗಿದ್ದಳು. ಇದೇ ಕೊನೆಯ ಅವಕಾಶ. ಪಾಸಾದರೆ ಪಕ್ಕದ ಊರಿನ ಸಭಾಭವನದಲ್ಲಿ ಕೆಲಸ ಕಾದಿತ್ತು. ಇಲ್ಲದಿದ್ದರೆ ಓದಿದ್ದು ಸಾಕು, ಮನೆಯಲ್ಲಿರು ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಅಭ್ಯಾಸದ ದಿನಗಳಲ್ಲಿ ಬೀಗಿತ್ತಿಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ ಹುಡುಗಿ ಅದು. ಒಂದು ಸಲ ಕರೆದರೆ ಸಾಕು, ಎದ್ದುಬಿಡೋಣ ಎಂದು ಬೀಗಿತ್ತಿ ಒಳಗೊಳಗೇ ನಿಶ್ಚಯಿಸಿಕೊಂಡಿದ್ದಳು.

ಮೇಷ್ಟ್ರಿಗೆ ಅದು ಹೇಗೆ ವಾಸನೆ ಬಡಿಯಿತೋ. ಹತ್ತಿರ ಬಂದು, "ನೀವು ಕರುಣೆ ತೋರಿಸ್ಬಹುದು. ನಾಳೆ ನಿಜವಾದ ಬೀಗಿತ್ತಿ ತೋರಿಸ್ತಾಳಾ?" ಎಂದು ಹೇಳಿ ಹೋದರು.

ಹುಡುಗಿ ಬಂದಳು. ಕರೆದಳು. ಬೀಗಿತ್ತಿಯ ಕಾಲು ಏಳಲು ಹೊರಟಿತು, ಆದರೆ ಅವಳು ಏಳಲಿಲ್ಲ. ಗೋಡೆ ನೋಡುತ್ತಲೇ, ಪರವಾಗಿಲ್ಲ ಬಿಡಿ, ನಮ್ಮನ್ನು ಕೇಳುವವರು ಯಾರಿದ್ದಾರೆ ಎಂದಳು. ಹುಡುಗಿ ಬಾಯಿ ತೆರೆದು, "ಸ್ವಲ್ಪ..." ಎಂದಳು. ಮೇಷ್ಟ್ರ ಕೈ ಗಂಟೆಯ ಮೇಲೆ ಹೋಯಿತು.

"ಸ್ವಲ್ಪ ಜರುಗಿ. ನಾನೂ ಕೂತ್ಕೋತೀನಿ."

ಬೀಗಿತ್ತಿ ಕುರ್ಚಿ ಸಮೇತ ಜರುಗಿದಳು. ಹುಡುಗಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಕಂಬದ ಹಿಂದಿನಿಂದ ವೇದಿಕೆ ಕಾಣುತ್ತದೆಯೇ ಎಂದು ತಾನೂ ಬಗ್ಗಿ ನೋಡಿದಳು. ಕಾಣುತ್ತಿರಲಿಲ್ಲ.

"ಇಲ್ಲಿ ಕೂರ್ಸಿದ್ದು ನಮ್ಮ ತಪ್ಪು. ಕೇಳೋರಿಲ್ಲ ಅಂದ್ರಲ್ಲ, ನಾನು ಕೇಳ್ತೀನಿ. ಹೇಳಿ."

ಇಷ್ಟು ವರ್ಷಗಳಲ್ಲಿ ಯಾರೂ ಹೀಗೆ ಪಕ್ಕ ಕೂತು ಕೇಳಿರಲಿಲ್ಲ. ಬೀಗಿತ್ತಿ ಕಲಿತಿದ್ದ ಮುನಿಸಿನ ಮಾತುಗಳು ಅಲ್ಲಿಗೇ ಮುಗಿದವು. ಬಾಯಿಗೆ ಬಂದದ್ದು ಅವಳದೇ ಮಾತು. ತನ್ನ ಮದುವೆಯ ಫೋಟೋದಲ್ಲಿ ತನ್ನ ಅಮ್ಮ ಇಲ್ಲ. ಸಾಮಾನಿನ ಕೋಣೆಯ ಹತ್ತಿರ ಯಾರಾದರೂ ಇರಬೇಕಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಯಾರೋ ಅಂದರಂತೆ. ಅಮ್ಮ ಅಲ್ಲೇ ನಿಂತಳು. ಅವಳು ಬರುವಷ್ಟರಲ್ಲಿ ಫೋಟೋ ಮುಗಿದಿತ್ತು. ಆಲ್ಬಮ್ಮಿನಲ್ಲಿ ಗುರುತಿಲ್ಲದವರೂ ಇದ್ದಾರೆ, ಅಮ್ಮ ಇಲ್ಲ. ಇದನ್ನು ಬೀಗಿತ್ತಿ ಗಂಡನಿಗೂ ಹೇಳಿರಲಿಲ್ಲ.

ಹುಡುಗಿ ಸಮಾಧಾನದ ಮಾತೇನೂ ಆಡಲಿಲ್ಲ. "ಅಮ್ಮ ಬಂದಿದ್ರೆ ನಿಮ್ಮ ಬಲಕ್ಕೆ ನಿಲ್ತಿದ್ರಾ, ಎಡಕ್ಕಾ?" ಎಂದು ಕೇಳಿದಳು.

"ಎಡಕ್ಕೆ."

"ಎಲ್ಲಿ, ತೋರ್ಸಿ ಬನ್ನಿ."

ತೋರಿಸಲೆಂದು ಬೀಗಿತ್ತಿ ಎದ್ದಳು. ವೇದಿಕೆ ಹತ್ತಿ ನಿಂತ ಮೇಲೆಯೇ ಅವಳಿಗೆ ತಾನು ಎದ್ದು ಬಂದೆನೆಂಬುದು ತಿಳಿದದ್ದು.

ಗಂಟೆ ಇನ್ನೂ ಬಾರಿಸಿರಲಿಲ್ಲ. ಆದರೂ ಮೇಷ್ಟ್ರು ಒಪ್ಪಲಿಲ್ಲ. ಅವರಿಗೆ ಲೆಕ್ಕ ಅಂದರೆ ಲೆಕ್ಕ. ವೇದಿಕೆಯ ಬುಡಕ್ಕೆ ಬಂದು, "ಎದ್ದು ಬಂದಿದ್ದು ವರನ ತಾಯೋ, ನೀವೋ?" ಎಂದು ಕೇಳಿದರು. ಹುಡುಗಿ ಕಣ್ಣು ಕೆಳಗೆ ಹಾಕಿದಳು. ಅವಳ ಪಾಸು, ನಪಾಸು ಎರಡೂ ಈಗ ಬೀಗಿತ್ತಿಯ ನಾಲಿಗೆಯ ಮೇಲಿದ್ದವು. ವರನ ತಾಯಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಈ ಮಹಡಿಯಲ್ಲಿ ಸುಳ್ಳು ಹೇಳುವಂತಿಲ್ಲ.

"ನಾನೇ ಸಾರ್," ಎಂದಳು. "ಆದ್ರೆ ವರನ ತಾಯಿಗೂ ಒಬ್ಬಳು ಅಮ್ಮ ಇದ್ದೇ ಇರ್ತಾಳಲ್ವಾ?"

ಮೇಷ್ಟ್ರು ಫೋಟೋದವನತ್ತ ತಿರುಗಿದರು. "ಸರಿ, ಫೋಟೋ ಆಗ್ಲಿ," ಎಂದರು. ಪಾಸು ಎಂಬುದಕ್ಕೆ ಅವರ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

ಕ್ಯಾಮೆರಾದಲ್ಲಿ ರೀಲು ಇರಲಿಲ್ಲ. ಸುಳ್ಳು ಮದುವೆಗೆ ರೀಲು ಯಾರು ಹಾಕುತ್ತಾರೆ? ಆದರೂ ಬೀಗಿತ್ತಿ ಸೆರಗು ಸರಿಮಾಡಿಕೊಂಡಳು. ತೆಗೆಯದೇ ಹೋದ ಆ ಫೋಟೋದಲ್ಲಿ ಯಾರು ಎಲ್ಲಿ ನಿಂತಿದ್ದರೆಂದು ಅವಳು ಇವತ್ತಿಗೂ ಹೇಳಬಲ್ಲಳು. ನಡುವೆ ನಗು ತಡೆದುಕೊಳ್ಳುತ್ತಿದ್ದ ವಧೂವರರು, ಅವರ ಪಕ್ಕದಲ್ಲಿ ಅವಳು, ಅವಳ ಎಡಕ್ಕೆ ಒಬ್ಬರು ನಿಲ್ಲುವಷ್ಟು ಖಾಲಿ ಜಾಗ. ಆ ಜಾಗಕ್ಕೆ ಯಾರೂ ಕಾಲಿಡದಂತೆ ಕೈ ಅಡ್ಡ ಹಿಡಿದು, ಚೌಕಟ್ಟಿನ ಹೊರಗೆ ಆ ಹುಡುಗಿ.