ಅಧ್ಯಕ್ಷರು ಕೊಟ್ಟ ಸೋದರಮಾವ

ಕದ್ರಿ ಗುಡ್ಡದ ಕೆಳಗಿನ ವಾಚನಾಲಯದವರು ಬೌದ್ಧರ ಶೂನ್ಯದ ಬಗ್ಗೆ ಮಾತಾಡಲು ನನ್ನನ್ನು ಕರೆದಾಗ ನಾನು ಬಿ.ಎ. ಮುಗಿಸಿ ಬಂದು ಮಾಷ್ಟ್ರಾಗಿ ವರ್ಷವಾಗಿತ್ತಷ್ಟೆ. ಗುಡ್ಡದ ದೇವಸ್ಥಾನದಲ್ಲಿ ಹಿಂದೆ ಬೌದ್ಧರಿದ್ದರಂತೆ ಎಂಬ ಚರ್ಚೆ ಆಗ ಊರಿನ ಓದಿದವರಲ್ಲಿ ಬಿಸಿಯಾಗಿತ್ತು. ತತ್ತ್ವಶಾಸ್ತ್ರ ಓದಿದವನು ಆ ಸುತ್ತಿನಲ್ಲಿ ನಾನೊಬ್ಬನೇ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ನಾನೊಬ್ಬನೇ. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ.

ಆದರೆ ನಾನು ಒಪ್ಪಿದ್ದು ಬೌದ್ಧರಿಗಾಗಿ ಅಲ್ಲ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು, ನಾಲ್ಕು ಜನರೆದುರು ಒಮ್ಮೆ "ಇವ ನನ್ನ ಮಗ" ಎನ್ನಬೇಕು. ನನಗೆ ಬೇಕಾದದ್ದು ಅದು.

ನಮ್ಮದು ಅಳಿಯಸಂತಾನದ ಕಟ್ಟು. ಗಂಡಸಿನ ವಾರಸುದಾರ ಅವನ ಮಗನಲ್ಲ, ಅಕ್ಕತಂಗಿಯರ ಮಗ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವರ ಅಳಿಯ, ಅಂದರೆ ನನ್ನ ಅತ್ತೆಯ ಮಗ, ನನಗೆ ಭಾವ, ಸಣ್ಣಂದಿನಿಂದ ನಮ್ಮ ಜೊತೆಯಲ್ಲೇ ಇದ್ದ. ಬಂಗುಡೆಯ ದಪ್ಪ ತುಂಡು ಅವನ ಬಟ್ಟಲಿಗೆ. ಮನೆಯ, ಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲಿ. ಮದುವೆ ಮನೆಯಲ್ಲಿ ಅಪ್ಪನ ಪಕ್ಕದ ಜಾಗ ಅವನದು. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು. ಮೀನನ್ನು ಮುರಿದು ಅರ್ಧ ನನ್ನ ಬಟ್ಟಲಿಗೆ ಹಾಕುತ್ತಿದ್ದ. ಅದು ಇನ್ನೂ ಹೆಚ್ಚು ಉರಿಸುತ್ತಿತ್ತು. ಅಮ್ಮನಿಗೆ ಅಣ್ಣತಮ್ಮಂದಿರಿರಲಿಲ್ಲ. ಹಾಗಾಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಸೋದರಮಾವನೂ ಇಲ್ಲ.

ಮೆಟ್ರಿಕ್ ಆದ ಮೇಲೆ ಅಪ್ಪ, "ಮುಂದೆ ನನ್ನಿಂದ ಆಗ್ಲಿಕ್ಕಿಲ್ಲ. ಇದ್ದದ್ದೆಲ್ಲ ನನ್ನ ತಾಯಿಯ ಕುಟುಂಬದ್ದು" ಎಂದುಬಿಟ್ಟರು. ನಾನು ಮದರಾಸಿಗೆ ಹೋದೆ. ಗುಮಾಸ್ತರ ಮಕ್ಕಳಿಗೆ ಪಾಠ ಹೇಳಿ, ಒಂದು ಹೊತ್ತು ಉಂಡು, ಪದವಿ ತಂದೆ. ಅದೊಂದರಲ್ಲಿ ಭಾವನಿಗೆ ಪಾಲಿರಲಿಲ್ಲ.

ಆ ಸಂಜೆ ಅಪ್ಪ ಬಂದರು, ಬಿಳಿ ಮುಂಡು, ತೊಳೆದ ಶಾಲು. ಪಕ್ಕದಲ್ಲಿ ಭಾವ, ಅವರ ಕೊಡೆ ಹಿಡಿದುಕೊಂಡು.

ನಾನು ಹಂಚಿನಿಂದಲೇ ಶುರು ಮಾಡಿದೆ. ಶೂನ್ಯ ಎಂದರೆ ಏನೂ ಇಲ್ಲ ಎಂದಲ್ಲ. ಹಂಚು ಉಂಟು, ಮಳೆ ತಡೆಯುತ್ತದೆ. ಆದರೆ ಅದರಿಂದ ಮಣ್ಣು, ನೀರು, ಬೆಂಕಿ, ಒತ್ತಿದ ಕೈ ಇಷ್ಟನ್ನೂ ತೆಗೆದರೆ 'ಹಂಚುತನ' ಎಂದು ಬೇರೆ ಉಳಿಯುವುದಿಲ್ಲ. ತನ್ನಷ್ಟಕ್ಕೇ ನಿಂತದ್ದು ಯಾವುದೂ ಇಲ್ಲ. ಆ ಇಲ್ಲದಿರುವಿಕೆಗೆ ಶೂನ್ಯ ಎಂದು ಹೆಸರು. ಹಾಗಾಗಿ ನಾನು, ನೀನು ಎಂಬ ಎರಡೂ ಬೇರೆ ಬೇರೆ ಬುಡದಿಂದ ಎದ್ದವಲ್ಲ. ಎರಡಲ್ಲ ಎಂದ ಮಾತ್ರಕ್ಕೆ ಎಲ್ಲ ಕಲಸಿ ಒಂದೇ ಎಂದೂ ಅಲ್ಲ. ಕೊನೆಗೆ, ಅಪ್ಪನಿಗೆಂದೇ ಕಾದಿಟ್ಟ ದೃಷ್ಟಾಂತ ತೆಗೆದೆ: "ಅಪ್ಪನಿಲ್ಲದೆ ಮಗನಿಲ್ಲ, ಸರಿ. ಆದರೆ ಮಗ ಹುಟ್ಟುವವರೆಗೆ ಅಪ್ಪನೂ ಹುಟ್ಟಿರುವುದಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬರು, "ನಮ್ಮಲ್ಲಿ ಮಾವ ಇದ್ರೆ ಸಾಕಲ್ಲ ಮಾಷ್ಟ್ರೇ!" ಎಂದರು. ಸಭೆ ನಕ್ಕಿತು. ನಾನು ಅಪ್ಪನ ಮುಖ ನೋಡಿದೆ. ಅವರು ಕತ್ತು ಚಾಚಿ ಕೇಳುತ್ತಿದ್ದರು.

ಅಧ್ಯಕ್ಷರು ನಮ್ಮವರೇ ಆದ ಹಿರಿಯ ವಕೀಲರು. ನಾನು ಈ ಮೇಸ್ತ್ರಿಗಳ ಮನೆಯವನು ಎಂದಷ್ಟೇ ಅವರಿಗೆ ಯಾರೋ ಹೇಳಿದ್ದರು. ಮಗನನ್ನು ಯಾರಾದರೂ ಬಿ.ಎ. ಓದಿಸುವುದುಂಟೇ, ಅಳಿಯನೇ ಇರಬೇಕು ಎಂದುಕೊಂಡರು. ಅವರು ಎದ್ದು, ಅಪ್ಪನತ್ತ ಕೈ ತೋರಿಸಿ, "ಸೋದರಮಾವ ಅಂದ್ರೆ ಹೀಗಿರ್ಬೇಕು! ಮಣ್ಣಿನಲ್ಲಿ ದುಡಿದು ಅಳಿಯನನ್ನು ಪದವೀಧರ ಮಾಡಿದ್ದಾರೆ" ಎಂದು ಹಾರವನ್ನು ಅಪ್ಪನ ಕೊರಳಿಗೇ ಹಾಕಿದರು.

ಚಪ್ಪಾಳೆ. ನನ್ನ ಹಸಿವು, ನನ್ನ ಪಾಠ, ನನ್ನ ಅಪ್ಪ, ಎಲ್ಲ ಒಂದೇ ವಾಕ್ಯದಲ್ಲಿ ಹೋಯಿತು. ಈಗ ಅಪ್ಪ ಹೇಳುತ್ತಾರೆ ಎಂದು ಕಾದೆ. ಅಪ್ಪ ಹಾರ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

ಎದ್ದು ನಿಂತವನು ಭಾವ. "ಸ್ವಾಮೀ, ಅಳಿಯ ನಾನು. ಓದದವ. ಅವ ಮಗ."

"ಓಹೋ, ಹೌದಾ?" ಅಧ್ಯಕ್ಷರು ಒಂದಿಷ್ಟೂ ಅಳುಕಲಿಲ್ಲ. "ಆದ್ರೆ ಎಂತ ಆಯ್ತು ಮಾರಾಯ? ಎರಡಿಲ್ಲ ಅಂತ ಇಷ್ಟು ಹೊತ್ತು ಅವರೇ ಹೇಳಿದ್ದಲ್ವಾ!"

ಆ ಸಂಜೆಯ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಅಪ್ಪನ ಬಾಯಿಂದ ಬರಬೇಕಾಗಿದ್ದ ಮಾತನ್ನೂ ಭಾವನೇ ತೆಗೆದುಕೊಂಡಿದ್ದ. ಅವನ ಕೈಯ ಕೊಡೆ ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಮನೆಗೆ ಹೋಗುವ ಏರಿನಲ್ಲಿ ಭಾವ ಬೇಕೆಂದೇ ಮುಂದೆ ನಡೆದ. ನಾನು ತಡೆಯಲಾರದೆ, "ನೀವು ಯಾಕೆ ಬಾಯಿ ಬಿಡ್ಲಿಲ್ಲ?" ಎಂದೆ.

ಅಪ್ಪ ಸ್ವಲ್ಪ ದೂರ ನಡೆದರು. "ಎಂತ ಹೇಳುವುದು? ಮಗ ಅಂತ ಹೇಳಿದ್ರೆ, ಓದಿಸಿದ್ದು ನೀವೇ ಅಲ್ವಾ ಅಂತ ಕೇಳ್ತಾರೆ. ನಾನು ಓದಿಸ್ಲಿಲ್ಲ. ಅಧ್ಯಕ್ಷರು ಹೇಳಿದ ಆ ಮಾವ ಓದಿಸಿದ್ದ. ಸ್ವಲ್ಪ ಹೊತ್ತು ನಾನೇ ಅವ ಆಗಿರುವ ಅಂತ ಕಂಡಿತು ನನಗೆ."

ಹಾರ ಇನ್ನೂ ಅವರ ಕೊರಳಲ್ಲಿತ್ತು. ನನ್ನ ಹೊಟ್ಟೆಕಿಚ್ಚು ಭಾವನನ್ನು ಬಿಟ್ಟು ಇನ್ನೊಬ್ಬನತ್ತ ತಿರುಗಿತ್ತು: ಅಧ್ಯಕ್ಷರ ಬಾಯಲ್ಲಿ ಹುಟ್ಟಿದ ಆ ಅಳಿಯನತ್ತ. ಅವನು ಮದರಾಸಿನಲ್ಲಿ ಎರಡು ಹೊತ್ತೂ ಉಂಡಿದ್ದ. ತಿಂಗಳು ತಿಂಗಳು ಊರಿನಿಂದ ಹಣ ಬರುತ್ತಿತ್ತು. ಅಂಥವನು ಎಲ್ಲಿಯೂ ಇಲ್ಲ ಎಂದು ನನಗೆ ಗೊತ್ತು. ಇದ್ದರೆ ಅವನು ನಾನೇ ಎಂದೂ ಗೊತ್ತು. ಒಂದು ತಾಸು ಶೂನ್ಯವನ್ನು ಬಿಡಿಸಿ ಹೇಳಿದವನು, ಇಲ್ಲದವನೊಬ್ಬನನ್ನು ಕಂಡು ಕರುಬುತ್ತ ಏರು ಹತ್ತಿದೆ.

ಭಾವ ಬಾಗಿಲು ತೆರೆದು ಅಂಗಳದಲ್ಲಿ ನಿಂತಿದ್ದ. ಬೀಗದ ಕೈ ಅವನ ಬಳಿಯೇ ಅಲ್ಲವೇ ಇದ್ದದ್ದು.